ಕಿಟ್ಟೆಲ್ ಎಂಬ ಅಂಗಿ

ನಮಗೆ ನಿಘಂಟು. ಭೌತಶಾಸ್ತ್ರದವರಿಗೆ ಪಠ್ಯಪುಸ್ತಕ. ಸೈಕಲ್ ಹುಚ್ಚರಿಗೆ ಕೊನೆಯ ಇನ್ನೂರು ಮೀಟರಿನ ಮಿಂಚು. ಅಷ್ಟೇನೂ ಸಾಮಾನ್ಯವಲ್ಲದ ಈ ಜರ್ಮನ್ ಅಡ್ಡಹೆಸರು ಎಲ್ಲಿ ಚಿಗುರಿತು, ಎಲ್ಲೆಲ್ಲಿ ಚೆದುರಿತು? ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ ಏಪ್ರಿಲ್ ತಿಂಗಳಲ್ಲಿ ಆ ಹೆಸರಿನ ಬೆನ್ನು ಹತ್ತಿ ಹೊರಟಾಗ...

2017ರ ಜುಲೈ 7. ಫ್ರಾನ್ಸಿನ ಬರ್ಗಂಡಿ ಸೀಮೆಯ ದ್ರಾಕ್ಷಿತೋಟಗಳ ನಡುವೆ ನ್ವಿ-ಸಾನ್-ಜಾರ್ಜ್ ಎಂಬ ಪುಟ್ಟ ಊರು. ಟೂರ್ ಡಿ ಫ್ರಾನ್ಸ್ ಸೈಕಲ್ ಓಟದ ಏಳನೆಯ ಹಂತ. ಟ್ರ್ವಾ ಪಟ್ಟಣದಿಂದ ಹೊರಟ ಸವಾರರ ದಂಡು 213 ಕಿಲೋಮೀಟರ್ ತುಳಿದು ಕೊನೆಯ ನೇರ ರಸ್ತೆಗೆ ಬಂದಿದೆ. ಎಲ್ಲರ ತಲೆ ತಗ್ಗಿದೆ, ಮೊಣಕೈ ಮೊಣಕೈಗೆ ತಾಗುತ್ತಿದೆ.

ಎರಡು ಸೈಕಲ್ಲುಗಳು ಒಂದೇ ಗಳಿಗೆಯಲ್ಲಿ ಗೆರೆ ದಾಟಿದವು. ಗೆದ್ದವರು ಯಾರೆಂದು ಬರಿಗಣ್ಣಿಗೆ ತಿಳಿಯುವಂತಿರಲಿಲ್ಲ. ಫೋಟೊ ಹಿಗ್ಗಿಸಿ ನೋಡಿದಾಗ ಸಿಕ್ಕ ಅಂತರ 6 ಮಿಲಿಮೀಟರ್. ಕಾಲದ ಲೆಕ್ಕದಲ್ಲಿ ಸೆಕೆಂಡಿನ ಹತ್ತು ಸಾವಿರದಲ್ಲಿ ಮೂರು ಪಾಲು. ನಾರ್ವೆಯ ಎಡ್ವಾಲ್ಡ್ ಬೋಸನ್ ಹಾಗನ್ ಸೋತರು. ಗೆದ್ದ ಜರ್ಮನ್ನನ ಹೆಸರು ಮಾರ್ಸೆಲ್ ಕಿಟ್ಟೆಲ್.

ಈ ಹೆಸರು ಕಿವಿಗೆ ಬಿದ್ದರೆ ಕನ್ನಡದವರ ಕಣ್ಣ ಮುಂದೆ ಬರುವುದು ಸೈಕಲ್ಲಲ್ಲ. ಎರಡು ಕೈ ಹಚ್ಚಿ ಎತ್ತಬೇಕಾದ ದಪ್ಪ ರಟ್ಟಿನ ನಿಘಂಟು ಬರುತ್ತದೆ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಕಾಣುವ ಪ್ರತಿಮೆ ಬರುತ್ತದೆ. ಧಾರವಾಡದವರಾದರೆ ಕಿಟ್ಟೆಲ್ ಕಾಲೇಜು ನೆನೆಯುತ್ತಾರೆ. ನಮ್ಮ ಮಟ್ಟಿಗೆ ಕಿಟ್ಟೆಲ್ ಎಂದರೆ ಒಬ್ಬರೇ. ಅದು ಒಂದು ಮನೆತನದ ಹೆಸರು, ಆ ಹೆಸರಿನವರು ಇನ್ನೂ ಸಾವಿರಾರು ಮಂದಿ ಇದ್ದಾರೆ ಎಂಬುದೇ ನಮಗೆ ಹೊಳೆಯುವುದಿಲ್ಲ.

ಹಾಗೆ ನೋಡಿದರೆ ಅದನ್ನು ನಾವು ಪೂರಾ ನಮ್ಮದಾಗಿಸಿಕೊಂಡಿದ್ದೇವೆ. ಜರ್ಮನ್ನರು ಎರಡು 'ಟಿ' ಬರೆಯುವುದು ಹಿಂದಿನ ಸ್ವರ ಹ್ರಸ್ವ ಎಂದು ತೋರಿಸಲಿಕ್ಕೆ, ಉಚ್ಚಾರದಲ್ಲಿ ಒತ್ತಕ್ಷರವಿಲ್ಲ. ನಾವು ಅಕ್ಷರ ಕಂಡ ಹಾಗೆ ಒತ್ತು ಕೊಟ್ಟೆವು. ಕೃಷ್ಣನನ್ನು ಕಿಟ್ಟ, ಕಿಟ್ಟಪ್ಪ, ಕಿಟ್ಟಣ್ಣ ಎಂದು ಕರೆದು ರೂಢಿಯಿದ್ದ ನಾಲಿಗೆಗೆ ಕಿಟ್ಟೆಲ್ ಸಲೀಸಾಗಿ ಒಗ್ಗಿತು. ಪಾದ್ರಿ ಸಾಹೇಬರು ನಮ್ಮ ಓಣಿಯವರೇ ಆದರು.

ತೊಟ್ಟ ಬಟ್ಟೆಯೇ ಗುರುತು

ಕಿಟ್ಟೆಲ್ ಎಂದರೆ ಅಂಗಿ. ಹೊಲಿಗೆಯ ನಾಜೂಕಿಲ್ಲದ, ಮೈಗೆ ಅಂಟದ, ಮೇಲಿನಿಂದ ಹಾಕಿಕೊಳ್ಳುವ ಸಡಿಲ ನಿಲುವಂಗಿ. ಮಧ್ಯಯುಗದ ಜರ್ಮನ್ನಿನಲ್ಲಿ ಗಂಡಸರೂ ಹೆಂಗಸರೂ ತೊಡುವ ಹಗುರ ಮೇಲಂಗಿಗೆ ಈ ಮಾತು ಇತ್ತು. ಪದದ ಮೂಲ ಇನ್ನೂ ಇತ್ಯರ್ಥವಾಗಿಲ್ಲ. ಹತ್ತಿಗೆ ಅರಬ್ಬಿಯಲ್ಲಿರುವ 'ಕುತ್ನ್' ಎಂಬ ಮಾತಿನಿಂದ ಬಂದಿರಬಹುದು ಎಂಬ ಊಹೆಯೊಂದಿದೆ.

ಇಂದಿಗೂ ಜರ್ಮನಿಯಲ್ಲಿ ವೈದ್ಯರು ಮೇಲೆ ಹಾಕಿಕೊಳ್ಳುವ ಬಿಳಿ ಕೋಟು ಕಿಟ್ಟೆಲ್ಲೇ. ಪ್ರಯೋಗಶಾಲೆಯವರದ್ದೂ ಅದೇ. ಪೂರ್ವ ಜರ್ಮನಿ ಇದ್ದ ಕಾಲದಲ್ಲಿ ಅಲ್ಲಿನ ಗೃಹಿಣಿಯರ ಸಮವಸ್ತ್ರದಂತೆ ಇದ್ದದ್ದು 'ಕಿಟ್ಟೆಲ್‌ಶ್ಯುರ್ಟ್ಸ': ತೋಳಿಲ್ಲದ, ಮುಂದೆ ಗುಂಡಿ ಹಾಕುವ, ಕಣ್ಣಿಗೆ ಹೊಡೆಯುವ ಹೂವಿನ ಅಚ್ಚಿನ ಏಪ್ರನ್. ಬಟ್ಟೆ ಡೆಡೆರಾನ್, ದೇಶದ ಹೆಸರಿನ ಮೂರು ಅಕ್ಷರ, ಡಿಡಿಆರ್ ಎಂಬುದನ್ನೇ ಎಳೆದು ಹೆಣೆದ ನೈಲಾನಿನ ಹೆಸರು. ಅಡುಗೆಮನೆಯಿಂದ ಕೋಳಿಗೂಡಿನವರೆಗೆ ಅದೊಂದೇ ಉಡುಪು.

ಯೂರೋಪಿನ ಯಹೂದಿಗಳಲ್ಲಿ ಇದೇ ಮಾತಿಗೆ ಬೇರೆ ಘನತೆ. ಯೋಮ್ ಕಿಪ್ಪುರ್ ಪ್ರಾಯಶ್ಚಿತ್ತದ ದಿನ ಗಂಡಸರು ತೊಡುವ ಬಿಳಿಯ ನಾರುಬಟ್ಟೆಯ ನಿಲುವಂಗಿ ಕಿಟ್ಟೆಲ್. ಕೆಲವು ಕಡೆ ಮದುಮಗನೂ ಅದನ್ನು ಹಾಕಿಕೊಳ್ಳುತ್ತಾನೆ. ಸತ್ತಾಗ ಅದರಲ್ಲೇ ಮಣ್ಣಿಗೆ ಹೋಗುವ ಪದ್ಧತಿಯೂ ಉಂಟು.

ಅಂಗಿ ಅಡ್ಡಹೆಸರಾದದ್ದು ಹೇಗೆ? ಹೆಸರುಗಳನ್ನು ಅಭ್ಯಾಸ ಮಾಡುವವರು ಎರಡು ದಾರಿ ಹೇಳುತ್ತಾರೆ. ಒಂದು, ಕಿಟ್ಟೆಲ್ ಹೊಲಿಯುವ ದರ್ಜಿಗೆ ಊರವರು ಅದನ್ನೇ ಹೆಸರಾಗಿ ಅಂಟಿಸಿದರು. ಇನ್ನೊಂದು, ಯಾವಾಗ ನೋಡಿದರೂ ಅದೇ ಅಂಗಿಯಲ್ಲಿ ಕಾಣಿಸಿಕೊಳ್ಳುವವನನ್ನು ಹಾಗೆ ಕರೆದರು. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಎಂಬ ಅಡ್ಡಹೆಸರುಗಳ ನಡುವೆ ಬದುಕುವ ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1853ರಲ್ಲಿ ಫರ್ಡಿನಾಂಡ್ ಕಿಟ್ಟೆಲ್ ಬಂದಿಳಿದದ್ದು ಅಂಥದೇ ಸೀಮೆಗೆ.

ಇಲ್ಲೊಂದು ಮಾತು ನೆನಪಿಡಬೇಕು. ಅಂಗಿ ಎಲ್ಲ ಊರಲ್ಲೂ ಇತ್ತು. ಹಾಗಾಗಿ ಅಡ್ಡಹೆಸರೂ ಒಂದೇ ಊರಲ್ಲಿ ಹುಟ್ಟಿರಬೇಕಿಲ್ಲ. ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಹಲವು ಹಳ್ಳಿಗಳಲ್ಲಿ, ಹಲವು ತಲೆಮಾರುಗಳಲ್ಲಿ, ಹಲವು ಬಡಪಾಯಿಗಳಿಗೆ ಈ ಹೆಸರು ಬಿದ್ದಿರುತ್ತದೆ. ಎಲ್ಲ ಕಿಟ್ಟೆಲ್‌ಗಳೂ ಒಂದೇ ಮನೆತನದವರು ಎಂದು ವಂಶವೃಕ್ಷ ಬರೆಯಲು ಹೊರಟವರ ಲೇಖನಿ ಇಲ್ಲಿಯೇ ಮುರಿಯುತ್ತದೆ.

> ಬಾಕ್ಸ್: ಫೋನ್ ಬುಕ್ಕಿನಿಂದ ನಕ್ಷೆ
>
> ಜರ್ಮನಿಯ ಅಡ್ಡಹೆಸರುಗಳ ಬೃಹತ್ ನಕ್ಷಾಸಂಪುಟ ತಯಾರಾದದ್ದು ದೂರವಾಣಿಯ ದಾಖಲೆಗಳಿಂದ. 2005ರ ಸ್ಥಿರ ದೂರವಾಣಿಗಳ ಪಟ್ಟಿಯನ್ನು ಆಧಾರವಾಗಿ ಇಟ್ಟುಕೊಂಡು ಕೊನ್ರಾಡ್ ಕುಂಟ್ಸ ಮತ್ತು ಡಮಾರಿಸ್ ನ್ಯೂಬ್ಲಿಂಗ್ ಅದನ್ನು ಸಂಪಾದಿಸಿದರು. ಸುಮಾರು 2.8 ಕೋಟಿ ಸಂಪರ್ಕಗಳು, ಅವುಗಳಲ್ಲಿ ಎಂಟೂವರೆ ಲಕ್ಷದಷ್ಟು ಬಗೆಯ ಅಡ್ಡಹೆಸರುಗಳು.
>
> ಬರೀ ತಲೆ ಎಣಿಸಿದರೆ ಬರ್ಲಿನ್, ಹ್ಯಾಂಬರ್ಗ್ ನಗರಗಳು ಎಲ್ಲ ಹೆಸರಿಗೂ ಮಿನುಗುತ್ತವೆ. ಅಲ್ಲಿ ಎಲ್ಲರೂ ಇದ್ದಾರಲ್ಲ! ಆದ್ದರಿಂದ ಹತ್ತು ಲಕ್ಷ ಜನರಿಗೆ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಆಗ ಮಹಾನಗರಗಳು ಮಸುಕಾಗಿ, ಹೆಸರಿನ ತವರು ಎದ್ದು ಕಾಣುತ್ತದೆ.
>
> ಜರ್ಮನಿಯ ಮೊದಲ ಐದು ಅಡ್ಡಹೆಸರುಗಳು ಮ್ಯುಲ್ಲರ್, ಶ್ಮಿಟ್, ಶ್ನೈಡರ್, ಫಿಶರ್, ವೇಬರ್. ಅಂದರೆ ಗಿರಣಿಯವನು, ಕಮ್ಮಾರ, ದರ್ಜಿ, ಮೀನುಗಾರ, ನೇಕಾರ. ಐದೂ ಕಸುಬುಗಳೇ.

ಬೆಟ್ಟಸಾಲಿನ ಹೆಸರು

ಕಿಟ್ಟೆಲ್ ಹೆಸರಿನ ಹಳೆಯ ಮಂದಿಯನ್ನು ಒಬ್ಬೊಬ್ಬರಾಗಿ ನಕ್ಷೆಯ ಮೇಲೆ ಕೂರಿಸಿದರೆ ಒಂದು ಪಟ್ಟಿ ಮೂಡುತ್ತದೆ. ತುರಿಂಗಿಯಾದಿಂದ ಸ್ಯಾಕ್ಸನಿ, ಅಲ್ಲಿಂದ ಉತ್ತರ ಬೊಹೀಮಿಯಾ, ಕೊನೆಗೆ ಸೈಲೀಷಿಯಾ. ಈಗಿನ ಜರ್ಮನಿಯ ಪೂರ್ವಭಾಗ, ಚೆಕ್ ದೇಶದ ಉತ್ತರದ ಅಂಚು, ಪೋಲೆಂಡಿನ ನೈರುತ್ಯ ಮೂಲೆ.

ಇದು ಗಣಿ ಮತ್ತು ಮಗ್ಗದ ನಾಡು. ಎರ್ಟ್ಸ್‌ಗೆಬಿರ್ಗ ಅಂದರೆ ಅದಿರಿನ ಬೆಟ್ಟ. ಬೆಳ್ಳಿ, ತವರ ಅಗೆದ ಸೀಮೆ. ಅಲ್ಲಿ ಗಣಿಗಾರರು ಹಬ್ಬದ ಮೆರವಣಿಗೆಯಲ್ಲಿ ತೊಡುವ ಕಪ್ಪಂಗಿಯ ಹೆಸರು 'ಬೆರ್ಗ್‌ಕಿಟ್ಟೆಲ್', ಬೆಟ್ಟದ ಕಿಟ್ಟೆಲ್. ಅದಕ್ಕೆ ಗುಂಡಿ 29. ಗಣಿಗಾರರ ಪಾಲಕಿಯಾದ ಸಂತ ಬಾರ್ಬರಾ ಬದುಕಿದ್ದು 29 ವರ್ಷ ಎಂಬ ನಂಬಿಕೆಯಿಂದ ಅಷ್ಟು ಗುಂಡಿ. ಅಡ್ಡಹೆಸರು ಈ ಸಮವಸ್ತ್ರಕ್ಕಿಂತ ಹಳೆಯದು, ಒಂದರಿಂದ ಇನ್ನೊಂದು ಬಂತೆನ್ನಲಾಗದು. ಆದರೆ ಅಂಗಿಗೆ ಇಷ್ಟು ಮರ್ಯಾದೆ ಇದ್ದ ಸೀಮೆಯಲ್ಲೇ ಅಂಗಿಯ ಹೆಸರಿನವರೂ ದಟ್ಟವಾಗಿದ್ದರು ಎಂಬುದು ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ. ಪೂರ್ವಕ್ಕೆ ಸರಿದಂತೆ ಅಗಸೆನಾರಿನ ನೇಯ್ಗೆ. ಲೌಸಿಟ್ಸ್, ಸೈಲೀಷಿಯಾ ಎರಡೂ ನೇಕಾರರ ಸೀಮೆಗಳು. 1844ರಲ್ಲಿ ದಂಗೆ ಎದ್ದು ಯೂರೋಪನ್ನೇ ಬೆಚ್ಚಿಬೀಳಿಸಿದ ನೇಕಾರರು ಸೈಲೀಷಿಯಾದವರೇ.

ಎರ್ಟ್ಸ್‌ಗೆಬಿರ್ಗದ ಲೌವೆನ್‌ಷ್ಟೈನ್ ಎಂಬಲ್ಲಿ 1603ರಲ್ಲಿ ಹುಟ್ಟಿದವರು ಕಾಸ್ಪರ್ ಕಿಟ್ಟೆಲ್. ಡ್ರೆಸ್ಡೆನ್ ಆಸ್ಥಾನದಲ್ಲಿ ಹೈನ್ರಿಕ್ ಶ್ಯುಟ್ಸ್ ಎಂಬ ಮಹಾ ಸಂಗೀತಗಾರನ ಶಿಷ್ಯ. ಗುರು ಅವರನ್ನು ಇಟಲಿಗೆ ಕಲಿಯಲು ಕಳಿಸಿದರು. 1638ರಲ್ಲಿ ಅವರು ಅಚ್ಚು ಹಾಕಿಸಿದ ಗೀತಸಂಗ್ರಹದ ಹೆಸರಿನಲ್ಲೇ 'ಕಾಂಟಾಟಾ' ಎಂಬ ಮಾತಿದೆ. ಆ ಇಟಾಲಿಯನ್ ಮಾತು ಜರ್ಮನ್ ಪುಸ್ತಕದ ಮೇಲೆ ಕಾಣಿಸಿಕೊಂಡ ತೀರ ಮೊದಲ ಸಂದರ್ಭಗಳಲ್ಲಿ ಅದೊಂದು.

ಇನ್ನೂ ಸ್ವಾರಸ್ಯದ ಆಸಾಮಿ ಎರ್ಫುರ್ಟ್ ನಗರದ ಯೊಹಾನ್ ಕ್ರಿಸ್ಟಿಯಾನ್ ಕಿಟ್ಟೆಲ್. 1732ರಲ್ಲಿ ಹುಟ್ಟಿ 1809ರಲ್ಲಿ ತೀರಿಕೊಂಡವರು. ಯೊಹಾನ್ ಸೆಬಾಸ್ಟಿಯನ್ ಬಾಖ್ ಅವರ ಕೊನೆಯ ಶಿಷ್ಯರಲ್ಲೊಬ್ಬರು; ಪ್ರೆಡಿಗರ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಅವರ ಮನೆಯ ಪಾಠದ ಕೋಣೆಯಲ್ಲಿ ವಾದ್ಯದ ಮೇಲ್ಗಡೆ ಗುರುವಿನ ತೈಲಚಿತ್ರ, ಚಿತ್ರಕ್ಕೊಂದು ಪರದೆ. ಶಿಷ್ಯ ಚೆನ್ನಾಗಿ ಅಭ್ಯಾಸ ಮಾಡಿಕೊಂಡು ಬಂದಿದ್ದರೆ ಪರದೆ ಸರಿಸಿ ಬಾಖ್ ದರ್ಶನ ಮಾಡಿಸುತ್ತಿದ್ದರು. ಸೋಮಾರಿಗೆ ಪರದೆಯೇ ಗತಿ. ಬೆತ್ತಕ್ಕಿಂತ ಇದು ಚುರುಕಾಗಿ ಕೆಲಸ ಮಾಡಿರಬೇಕು.

ಎರ್ಫುರ್ಟಿನ ದಕ್ಷಿಣಕ್ಕೆ, ಹತ್ತಿರದಲ್ಲೇ ಆರ್ನ್‌ಷ್ಟಾಟ್ ಎಂಬ ಪಟ್ಟಣವಿದೆ. ಹರೆಯದ ಬಾಖ್ ಮೊದಲು ಆರ್ಗನ್ ನೌಕರಿಗೆ ಸೇರಿದ್ದು ಅಲ್ಲಿ, 1703ರಲ್ಲಿ. ಆರು ಮಿಲಿಮೀಟರಿನಿಂದ ಗೆದ್ದ ಮಾರ್ಸೆಲ್ ಕಿಟ್ಟೆಲ್ ಹುಟ್ಟಿದ್ದೂ ಅಲ್ಲೇ, 1988ರಲ್ಲಿ. ಟೂರ್ ಡಿ ಫ್ರಾನ್ಸಿನಲ್ಲಿ ಒಟ್ಟು 14 ಹಂತಗಳನ್ನು ಗೆದ್ದು 2019ರಲ್ಲಿ ಸೈಕಲ್ ಇಳಿದರು. ಇಬ್ಬರು ಕಿಟ್ಟೆಲ್‌ಗಳ ನಡುವೆ ರಕ್ತಸಂಬಂಧ ಹುಡುಕುವುದು ವ್ಯರ್ಥ. ಆದರೆ ಇನ್ನೂರೈವತ್ತು ವರ್ಷಗಳಲ್ಲಿ ಹೆಸರು ತನ್ನ ಸೀಮೆ ಬಿಟ್ಟು ಕದಲಿಲ್ಲ ಎಂಬುದು ದಿಟ.

ಯಿಜೆರಾ ಬೆಟ್ಟದ ಮಾಂತ್ರಿಕ

ಉತ್ತರ ಬೊಹೀಮಿಯಾದ ಯಿಜೆರಾ ಬೆಟ್ಟಗಳಲ್ಲಿ ಈ ಹೆಸರು ಹೇಳಿದರೆ ಇಂದಿಗೂ ಜನ ಕಥೆ ಹೇಳುತ್ತಾರೆ. ಅಲ್ಲಿನ ಡಾಕ್ಟರ್ ಕಿಟ್ಟೆಲ್, ಯೊಹಾನ್ ಯೋಸೆಫ್ ಆಂಟೊನ್ ಎಲೆಯಾಜರ್ ಕಿಟ್ಟೆಲ್, 1704ರಿಂದ 1783ರವರೆಗೆ ಬದುಕಿದ್ದ ಬೆಟ್ಟದ ವೈದ್ಯ. ಗಿಡಮೂಲಿಕೆ ಬಲ್ಲವನು. ಅವನ ಕೈಗುಣ ಎಷ್ಟು ಹೆಸರಾಯಿತೆಂದರೆ ಇದು ಮನುಷ್ಯನ ಕೆಲಸವಲ್ಲ, ಸೈತಾನನ ಜತೆ ಕರಾರು ಮಾಡಿಕೊಂಡಿದ್ದಾನೆ ಎಂದು ಜನ ಮಾತಾಡಿಕೊಂಡರು. 'ಯಿಜೆರಾ ಬೆಟ್ಟದ ಫೌಸ್ಟ್' ಎಂಬ ಬಿರುದು ಬಂತು. ಸೈತಾನನ ಗೆಳೆಯನೆಂದು ಹೆಸರಾದ ಈತ ತನ್ನ ಊರಲ್ಲೊಂದು ಚರ್ಚು ಕಟ್ಟಿಸಿದ್ದಾನೆ! ಕ್ರಾಸ್ನಾ ಎಂಬ ಆ ಹಳ್ಳಿಯಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯವಿದೆ, 'ಕಿಟ್ಟೆಲೋವ್ಸ್ಕೊ'.

ಆ ಬೆಟ್ಟಗಳ ಬುಡದ ದೊಡ್ಡ ಪಟ್ಟಣ ಯಾಬ್ಲೊನೆಟ್ಸ್. ಜರ್ಮನ್ನರ ಬಾಯಲ್ಲಿ ಗಾಬ್ಲೊಂಟ್ಸ್. ಗಾಜಿನ ಮಣಿ, ಗುಂಡಿ, ಆಭರಣಕ್ಕೆ ಜಗತ್ತಿನಲ್ಲೇ ಹೆಸರಾದ ಊರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿಂದ ಭಾರತದ ಪೇಟೆಗೆಂದೇ ಪೆಟ್ಟಿಗೆಗಟ್ಟಲೆ ಗಾಜಿನ ಬಳೆ ಬರುತ್ತಿತ್ತು. ನಿಘಂಟಿನ ಕಿಟ್ಟೆಲ್ ಮಂಗಳೂರಲ್ಲಿ ಶಬ್ದ ಆಯುತ್ತಿದ್ದ ಕಾಲಕ್ಕೆ, ಡಾಕ್ಟರ್ ಕಿಟ್ಟೆಲ್‌ನ ಬೆಟ್ಟದ ಗಾಜು ನಮ್ಮ ಹೆಣ್ಣುಮಕ್ಕಳ ಕೈಯಲ್ಲಿ ಗಲಗಲ ಎನ್ನುತ್ತಿದ್ದಿರಬಹುದು.

> ಬಾಕ್ಸ್: ನೋಟಿನ ಮೇಲೊಬ್ಬಳು
>
> ಚೆಕ್ ದೇಶದ 2000 ಕೊರುನಾ ನೋಟಿನ ಮೇಲಿರುವ ಚಿತ್ರ ಎಮಾ ಡೆಸ್ಟಿನೊವಾ ಎಂಬ ಗಾಯಕಿಯದು. ಆದರೆ ಅವಳು 1878ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದಾಗ ಹೆಸರು ಎಮಿಲಿಯೆ ಕಿಟ್ಲೊವಾ. ಕಿಟ್ಟೆಲ್ ಎಂಬುದಕ್ಕೆ ಅಲ್ಲಿನ ರೂಪ ಕಿಟ್ಲ್, ಹೆಣ್ಣಾದರೆ ಕಿಟ್ಲೊವಾ. ಹಾಡು ಕಲಿಸಿದ ಗುರುವಿನ ಹೆಸರಿನಿಂದ 'ಡೆಸ್ಟಿನ್' ಪಡೆದು ರಂಗಕ್ಕೆ ಬಂದಳು. 1910ರಲ್ಲಿ ನ್ಯೂಯಾರ್ಕಿನಲ್ಲಿ ಪುಚ್ಚಿನಿಯ ಹೊಸ ಆಪೆರಾ ಮೊದಲ ಬಾರಿ ರಂಗಕ್ಕೇರಿದಾಗ ಮಹಾಗಾಯಕ ಕರೂಸೊ ಜತೆ ನಾಯಕಿಯಾಗಿ ಹಾಡಿದವಳು ಇವಳೇ. ಕಿಟ್ಟೆಲ್ ಹೆಸರನ್ನು ಕಳಚಿಟ್ಟವಳ ಮುಖ ಚೆಕ್ಕರ ಜೇಬು ಸೇರಿದೆ.

ಹೆಸರಿಲ್ಲದ ನಾಡಿನಲ್ಲಿ ಹುಟ್ಟಿದವರು

ಈಗ ನಮ್ಮ ಕಿಟ್ಟೆಲ್ ವಿಷಯ. ಇಷ್ಟು ಹೊತ್ತು ಹೇಳಿದ ಬೆಟ್ಟಸಾಲಿನ ಎದುರು ದಿಕ್ಕಿಗೆ ಹೋಗಬೇಕು. ಜರ್ಮನಿಯ ವಾಯವ್ಯ ತುದಿ, ಉತ್ತರ ಸಮುದ್ರದ ಅಂಚಿನ ಪೂರ್ವ ಫ್ರೀಸಿಯಾ. ಬೆಟ್ಟ ಹಾಗಿರಲಿ, ಒಂದು ದಿಬ್ಬ ಕಂಡರೂ ಅಲ್ಲಿನವರು ನಿಂತು ನೋಡುವಷ್ಟು ಸಪಾಟು ನೆಲ. ಡೋರ್ನುಮ್ ಬಳಿಯ ರೆಸ್ಟರ್‌ಹಾಫ ಎಂಬ ಹಳ್ಳಿಯಲ್ಲಿ 1832ರ ಏಪ್ರಿಲ್ 7ರಂದು ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದರು. ತಂದೆ ಗಾಟ್‌ಫ್ರೀಡ್ ಕ್ರಿಸ್ಟಿಯಾನ್ ಕಿಟ್ಟೆಲ್ ಪಾದ್ರಿ.

ಪೂರ್ವ ಫ್ರೀಸಿಯಾದಲ್ಲಿ ಒಂದು ವಿಶೇಷವಿತ್ತು. ಜರ್ಮನಿಯ ದಕ್ಷಿಣದ ನಗರಗಳಲ್ಲಿ ಹನ್ನೆರಡನೆಯ ಶತಮಾನದಿಂದಲೇ ಅಡ್ಡಹೆಸರು ಬೇರೂರಿತ್ತು. ಇಲ್ಲಿನ ರೈತರಿಗೆ ಮಾತ್ರ ಅದರ ಗೊಡವೆಯೇ ಇರಲಿಲ್ಲ. ಅಪ್ಪನ ಹೆಸರೇ ಮಗನ ಬೆನ್ನಿಗೆ. ಯಾನ್ ಎಂಬವನ ಮಗ ಹಾರ್ಮ್ ಆದರೆ ಅವನು ಹಾರ್ಮ್ ಯಾನ್ಸೆನ್. ಹಾರ್ಮನ ಮಗನಿಗೆ ಮತ್ತೆ ಅಜ್ಜನ ಹೆಸರಿಟ್ಟರೆ ಅವನು ಯಾನ್ ಹಾರ್ಮ್ಸ್. ತಲೆಮಾರಿಗೊಮ್ಮೆ ಮನೆಹೆಸರು ತಿರುಗುಮುರುಗು. ಊರವರಿಗೆ ತೊಡಕಿರಲಿಲ್ಲ, ತೊಡಕಾದದ್ದು ಸರ್ಕಾರಕ್ಕೆ.

ಆ ಸರ್ಕಾರ ನೆಪೋಲಿಯನ್ನನದು. 1810ರಲ್ಲಿ ಈ ಸೀಮೆ ಫ್ರಾನ್ಸಿಗೆ ಸೇರಿತು. ಕಂದಾಯ ವಸೂಲಿಗೂ ಸೈನ್ಯಕ್ಕೆ ಹುಡುಗರನ್ನು ಹಿಡಿಯುವುದಕ್ಕೂ ಸ್ಥಿರವಾದ ಹೆಸರು ಬೇಕಲ್ಲ? 1811ರ ಆಗಸ್ಟಿನಲ್ಲಿ ಫರ್ಮಾನು ಹೊರಟಿತು: ಪ್ರತಿಯೊಬ್ಬನೂ ಒಂದು ಅಡ್ಡಹೆಸರು ಆರಿಸಿ ಬರೆಸಬೇಕು, ಮುಂದೆ ಮಕ್ಕಳು ಮೊಮ್ಮಕ್ಕಳಿಗೂ ಅದೇ. ಜನ ಗೊಣಗಿಕೊಂಡೇ ಬರೆಸಿದರು. ಬಹಳಷ್ಟು ಮಂದಿ ಆ ಹೊತ್ತಿಗೆ ಇದ್ದ ಅಪ್ಪನ ಹೆಸರನ್ನೇ ಗಟ್ಟಿ ಮಾಡಿಕೊಂಡರು. ಯಾನ್ಸೆನ್ ಎಂಬ ಹೆಸರು ಅಲ್ಲಿ ಇಂದಿಗೂ ಕಾಲಿಗೆ ಎಡವುವಷ್ಟು ಇರುವುದಕ್ಕೆ ಇದೇ ಕಾರಣ. ನೆಪೋಲಿಯನ್ ಹೋದ ಮೇಲೂ ಹಳೇ ಚಾಳಿ ಬಿಡದವರಿಗೆ ಹ್ಯಾನೋವರಿನ ದೊರೆಗಳು ಮತ್ತೆ ಆದೇಶ ಕೊಡಬೇಕಾಯಿತು.

ಫರ್ಮಾನು ಬಂದು 21 ವರ್ಷಕ್ಕೆ, ಅಂಥ ಊರಿನ ಪಾದ್ರಿಮನೆಯಲ್ಲಿ ಒಂದು ಮಗು ಹುಟ್ಟಿತು. ಅದರ ಅಡ್ಡಹೆಸರು ಅಪ್ಪನ ಹೆಸರಲ್ಲ, ಒಂದು ಅಂಗಿ. ಯಾನ್ಸೆನ್, ಹಾರ್ಮ್ಸ್‌ಗಳ ಹಾಜರಿ ಪಟ್ಟಿಯಲ್ಲಿ ಕಿಟ್ಟೆಲ್ ಎಂದು ಕೂಗಿದರೆ ಪರಊರಿನವನೆಂದು ಯಾರಿಗೂ ತಿಳಿಯುವಂತಿತ್ತು. ಧಾರವಾಡ, ಮಡಿಕೇರಿ, ಮಂಗಳೂರುಗಳಲ್ಲಿ ಹೊರಗಿನವರಾಗಿ ಬಾಳಿದ ಈ ಮನುಷ್ಯ ಹುಟ್ಟಿದೂರಲ್ಲೂ ಹೆಸರಿನ ಮಟ್ಟಿಗೆ ಹೊರಗಿನವರೇ.

ಮುಂದಿನದು ನಮಗೆ ಗೊತ್ತಿರುವ ಕಥೆ, ಬೇಗ ಹೇಳಿಬಿಡಬಹುದು. 1850ರಲ್ಲಿ ಬಾಸೆಲ್ ಮಿಷನ್ ಶಾಲೆ, 1853ರಲ್ಲಿ ಭಾರತ. 1875ರಲ್ಲಿ ನಾಗವರ್ಮನ ಛಂದಸ್ಸಿನ ಸಂಪಾದನೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, 70 ಸಾವಿರದಷ್ಟು ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು. 1896ರಲ್ಲಿ ಟ್ಯುಬಿಂಗನ್ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್. 1903ರಲ್ಲಿ ಕನ್ನಡ ವ್ಯಾಕರಣ ಹೊರಬಂತು. ಅದೇ ಡಿಸೆಂಬರಿನಲ್ಲಿ ಟ್ಯುಬಿಂಗನ್ನಿನಲ್ಲೇ ಅವರು ತೀರಿಕೊಂಡರು.

ಎರಡು ನಿಘಂಟು, ಒಂದೇ ಹೆಸರು

ಟ್ಯುಬಿಂಗನ್ನಿನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕ್ರೈಸ್ತ ದೇವತಾಶಾಸ್ತ್ರ ಓದಿದವರನ್ನು ಕೇಳಿ ನೋಡಿ, 'ಕಿಟ್ಟೆಲ್' ಎಂದರೆ ಅವರಿಗೂ ಒಂದು ನಿಘಂಟೇ. ಆದರೆ ಬೇರೆ ನಿಘಂಟು, ಬೇರೆ ಕಿಟ್ಟೆಲ್. ಹೊಸ ಒಡಂಬಡಿಕೆಯ ಗ್ರೀಕ್ ಶಬ್ದಗಳ ಆ ಬಹುಸಂಪುಟದ ಕೋಶವನ್ನು 1933ರಿಂದ ಸಂಪಾದಿಸಿದವರು ಗೆರ್ಹಾರ್ಡ್ ಕಿಟ್ಟೆಲ್, ಟ್ಯುಬಿಂಗನ್ನಿನ ಪ್ರಾಧ್ಯಾಪಕರು. ಬೆಂಗಳೂರಿನ ಯಾವುದಾದರೂ ದೇವತಾಶಾಸ್ತ್ರ ಕಾಲೇಜಿನ ಗ್ರಂಥಾಲಯದಲ್ಲಿ 'ಕಿಟ್ಟೆಲ್ ಕೊಡಿ' ಎಂದರೆ ಗ್ರಂಥಪಾಲಕರು ಮರುಪ್ರಶ್ನೆ ಕೇಳಬೇಕಾದೀತು.

ಗೆರ್ಹಾರ್ಡರ ತಂದೆ ರುಡಾಲ್ಫ್ ಕಿಟ್ಟೆಲ್ ಕೂಡ ಪಂಡಿತರೇ. ಹೀಬ್ರೂ ಬೈಬಲ್ಲಿನ ಶುದ್ಧಪಾಠವನ್ನು 1906ರಿಂದ ಹೊರತಂದವರು. ಹುಟ್ಟಿದ್ದು ಎನಿಂಗನ್ ಎಂಬ ಸ್ವಾಬಿಯಾದ ಊರಲ್ಲಿ. ಸ್ಯಾಕ್ಸನಿಯಿಂದ ಬಲು ದೂರ. ಅಂಗಿಯ ಹೆಸರು ಅನೇಕ ಕಡೆ ತಾನೇ ತಾನಾಗಿ ಮೊಳೆತದ್ದಕ್ಕೆ ಇಂಥವೇ ಸುಳಿವು.

ಮಗ ಬೇರೆ ಹಾದಿ ಹಿಡಿದರು. 1933ರಲ್ಲೇ ನಾಜಿ ಪಕ್ಷ ಸೇರಿದರು. ಅದೇ ವರ್ಷ ಯಹೂದಿಗಳನ್ನು ಸಮಾಜದಿಂದ ಬೇರ್ಪಡಿಸಬೇಕೆಂದು ಪುಸ್ತಕ ಬರೆದರು. ಯಹೂದಿಗಳ ಧರ್ಮಗ್ರಂಥಗಳನ್ನು ಅಷ್ಟು ಆಳವಾಗಿ ಬಲ್ಲ ವಿದ್ವಾಂಸ ಹೀಗೆ ಬರೆದದ್ದು ವಿದ್ವತ್ತಿನ ಚರಿತ್ರೆಯ ಅಸಹ್ಯ ಪುಟಗಳಲ್ಲೊಂದು. 1945ರಲ್ಲಿ ಫ್ರೆಂಚ್ ಸೇನೆ ಬಂಧಿಸಿತು, 1948ರಲ್ಲಿ ತೀರಿಕೊಂಡರು. ಕೋಶ ಮಾತ್ರ ಇಂದಿಗೂ ಬಳಕೆಯಲ್ಲಿದೆ, ಬಳಸುವವರು ಸಂಪಾದಕರ ವಿಷಯದಲ್ಲಿ ಎಚ್ಚರದಿಂದ ಇರುತ್ತಾರೆ.

ಇನ್ನೂ ಕತ್ತಲೆಯ ಕಿಟ್ಟೆಲ್ ಒಬ್ಬನಿದ್ದಾನೆ. 1943ರ ಸೆಪ್ಟೆಂಬರಿನಲ್ಲಿ ವಿಲ್ನಾ ನಗರದ ಯಹೂದಿ ಕೇರಿಯನ್ನು ಬರಿದು ಮಾಡಿಸಿದ ಎಸ್‌ಎಸ್ ಅಧಿಕಾರಿ ಬ್ರೂನೊ ಕಿಟ್ಟೆಲ್. ಯುದ್ಧ ಮುಗಿದ ಮೇಲೆ ಆಸಾಮಿ ನಾಪತ್ತೆ. ಇಸ್ರೇಲಿ ನಾಟಕಕಾರ ಯೆಹೋಶುವಾ ಸೊಬೊಲ್ 1984ರ 'ಘೆಟ್ಟೊ' ನಾಟಕದಲ್ಲಿ ಅವನನ್ನು ಸ್ಯಾಕ್ಸೊಫೋನ್ ನುಡಿಸುವ ಕೊಲೆಗಾರನಾಗಿ ರಂಗಕ್ಕೆ ತಂದರು. ಇದೇ ಹೆಸರಿನ ಇನ್ನೊಬ್ಬರು ಅದೇ ಕಾಲದಲ್ಲಿ ಬರ್ಲಿನ್ನಿನಲ್ಲಿ ಇದ್ದರು. ಅವರ 'ಬ್ರೂನೊ ಕಿಟ್ಟೆಲ್ ಗಾಯನವೃಂದ' 1942ರಲ್ಲಿ ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಬೀಥೋವನ್ನನ ಒಂಬತ್ತನೆಯ ಸಿಂಫನಿ ಹಾಡಿದೆ. ಹಳೇ ಧ್ವನಿಮುದ್ರಿಕೆಯ ಮೇಲೆ ಆ ಹೆಸರು ಕಂಡು ಬೆಚ್ಚಿಬೀಳುವವರು ಒಂದು ಕ್ಷಣ ತಡೆಯಬೇಕು, ಇವರು ಅವನಲ್ಲ.

> ಬಾಕ್ಸ್: ಹೆಸರು ಅದೇ, ಬೇರು ಬೇರೆ
>
> ನಾರ್ವೆಯ ಚಿತ್ರಕಾರ ಟಿಯೊಡೊರ್ ಕಿಟ್ಟೆಲ್ಸನ್ ಕಾಡಿನ ದೈತ್ಯರನ್ನು, ಕೆರೆಯ ಭೂತಗಳನ್ನು ಬರೆದು ಮನೆಮಾತಾದವರು. ಅಂಗಿಗೂ ಅವರಿಗೂ ಸಂಬಂಧವಿಲ್ಲ. ಅಲ್ಲಿ ಕಿಟ್ಟೆಲ್ ಎಂಬುದು ಗಂಡುಮಕ್ಕಳಿಗೆ ಇಡುವ ಹೆಸರು. ಕಿಟ್ಟೆಲ್ಸನ್ ಎಂದರೆ ಅವನ ಮಗ. ಹಳೆಯ ನಾರ್ಸ್ ಭಾಷೆಯ 'ಕೆಟಿಲ್', ಅಂದರೆ ಹಂಡೆ, ಅದರ ಮೂಲ. ನಾವು ಚಹಾಕ್ಕೆ ನೀರು ಕಾಯಿಸುವ ಕೆಟಲ್ ಅದರ ದಾಯಾದಿ.

1945: ಗಂಟುಮೂಟೆ ಕಟ್ಟಿದ ಹೆಸರು

ಇಂದಿನ ನಕ್ಷೆಯಲ್ಲಿ ಕಿಟ್ಟೆಲ್ ಹೆಸರು ಬವೇರಿಯಾದಲ್ಲೂ ರೈನ್ ತೀರದಲ್ಲೂ ಕಾಣಿಸುತ್ತದೆ. ಅದಕ್ಕೆ ಬಹುಪಾಲು ಕಾರಣ 1945ರ ನಂತರದ ಎರಡು ವರ್ಷ.

ಯುದ್ಧ ಸೋತ ಮೇಲೆ ಸೈಲೀಷಿಯಾ ಪೋಲೆಂಡಿನ ಪಾಲಾಯಿತು. ಜೆಕೊಸ್ಲೊವಾಕಿಯಾ ತನ್ನ ಜರ್ಮನ್ ಭಾಷಿಕರನ್ನು ಹೊರಹಾಕಿತು. ಜೆಕೊಸ್ಲೊವಾಕಿಯಾ ಒಂದರಿಂದಲೇ ಸುಮಾರು 30 ಲಕ್ಷ ಮಂದಿ ಹೊರಬಿದ್ದರು. ಕಿಟ್ಟೆಲ್‌ಗಳ ಹಳೆಯ ಪಟ್ಟಿಯ ಪೂರ್ವಾರ್ಧ ಖಾಲಿಯಾಯಿತು. ಬೆಟ್ಟದ ಮನೆಗಳಿಗೆ ಹೊಸ ಜನ ಬಂದರು, ಊರುಗಳಿಗೆ ಹೊಸ ಹೆಸರು ಬಂತು, ಸಮಾಧಿಕಲ್ಲುಗಳ ಮೇಲೆ ಮಾತ್ರ ಹಳೆಯ ಹೆಸರುಗಳು.

ಗಾಬ್ಲೊಂಟ್ಸ್‌ನ ಗಾಜಿನ ಕುಶಲಕರ್ಮಿಗಳ ಕಥೆ ಇದರಲ್ಲಿ ಎದ್ದು ಕಾಣುತ್ತದೆ. ಅವರಲ್ಲಿ ದೊಡ್ಡ ಗುಂಪು ಬವೇರಿಯಾದ ಕೌಫ್‌ಬಾಯ್ರನ್ ಪಟ್ಟಣ ಸೇರಿತು. ಅಲ್ಲಿ ಸಿಕ್ಕ ಜಾಗ ಸಿಡಿಮದ್ದಿನ ಕಾರ್ಖಾನೆಯ ಪಾಳುಗೋಡೆಗಳು. ಅದರೊಳಗೇ ಕುಲುಮೆ ಹೂಡಿ, ಮಣಿ ಕಾಯಿಸಿ, ತವರಿನ ಹೆಸರನ್ನೇ ಇಟ್ಟು ಊರು ಕಟ್ಟಿದರು: ನೊಯ್‌ಗಾಬ್ಲೊಂಟ್ಸ್, ಹೊಸ ಗಾಬ್ಲೊಂಟ್ಸ್. ಹಾಗೆ ಬಂದವರ ಜತೆ ಬೊಹೀಮಿಯಾದ ಅಡ್ಡಹೆಸರುಗಳೂ ಆಲ್ಪ್ಸ್ ಬುಡಕ್ಕೆ ಬಂದವು. ಎರಡು ತಲೆಮಾರು ಕಳೆದ ಮೇಲೆ ಫೋನ್ ಬುಕ್ಕಿನಿಂದ ನಕ್ಷೆ ಮಾಡುವವರಿಗೆ ಅವು ಅಲ್ಲಿಯವೇ ಎನ್ನುವಷ್ಟು ಸಹಜವಾಗಿ ಕಾಣುತ್ತವೆ. ನಕ್ಷೆ ನೋಡುವಾಗ ಈ ಎರಡು ವರ್ಷ ಮರೆತರೆ ಲೆಕ್ಕವೆಲ್ಲ ತಪ್ಪು.

ಹೆಸರು ಅದಕ್ಕೂ ಮೊದಲೇ ಸಾಗರ ದಾಟಿತ್ತು. 1916ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಚಾರ್ಲ್ಸ್ ಕಿಟ್ಟೆಲ್ ಬರ್ಕ್ಲಿಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ, 102 ವರ್ಷ ಬದುಕಿ 2019ರಲ್ಲಿ ತೀರಿಕೊಂಡರು. ಘನಸ್ಥಿತಿ ಭೌತಶಾಸ್ತ್ರಕ್ಕೆ ಅವರು 1953ರಲ್ಲಿ ಬರೆದ ಪ್ರವೇಶಿಕೆ ಎಂಟು ಆವೃತ್ತಿ ಕಂಡಿತು. ನಮ್ಮಲ್ಲಿ ಎಂಎಸ್ಸಿ ಮಾಡಿದವರನ್ನು ಮಾತಾಡಿಸಿ: ಸ್ಫಟಿಕ ಜಾಲ, ಫೋನಾನ್, ಫರ್ಮಿ ಮೇಲ್ಮೈ, ಎಲ್ಲಕ್ಕೂ 'ಕಿಟ್ಟೆಲ್ ನೋಡು' ಎಂಬುದೇ ಉತ್ತರ. ಒಂದೇ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗದಲ್ಲೂ ಭೌತಶಾಸ್ತ್ರ ವಿಭಾಗದಲ್ಲೂ ಒಂದೇ ಹೆಸರನ್ನು ಎರಡು ಅರ್ಥದಲ್ಲಿ ಆಡುವ ಊರುಗಳು ಜಗತ್ತಿನಲ್ಲಿ ಹೆಚ್ಚಿರಲಾರವು.

ಕಾಯಿದೆ ತಿರುಗಿತು

ಜರ್ಮನಿಯಲ್ಲಿ ಹೆಸರು ಬದಲಿಸುವುದು ಸುಲಭವಲ್ಲ. 1876ರ ಮೊದಲ ದಿನದಿಂದ ಇಡೀ ದೇಶದಲ್ಲಿ ಜನನ ಮರಣ ಮದುವೆಗಳ ದಾಖಲೆ ಪಾದ್ರಿಗಳ ಕೈಯಿಂದ ಸರ್ಕಾರಿ ಕಚೇರಿಗೆ ಬಂತು. ಅಲ್ಲಿಯವರೆಗೆ ಕಿವಿಗೆ ಕೇಳಿದ ಹಾಗೆ ಬರೆಯುತ್ತಿದ್ದರು; ಒಂದೇ ಮನೆಯವರು ಒಮ್ಮೆ ಕಿಟ್ಟೆಲ್, ಇನ್ನೊಮ್ಮೆ ಕಿಟ್ಲ್. ಗುಮಾಸ್ತ ಬರೆದ ಕ್ಷಣಕ್ಕೆ ಕಾಗುಣಿತ ಹೆಪ್ಪುಗಟ್ಟಿತು.

ಆ ಬಿಗಿ ಈಗ ಕೊಂಚ ಸಡಿಲವಾಗಿದೆ. 2025ರ ಮೇ 1ರಿಂದ ಜಾರಿಗೆ ಬಂದ ಹೊಸ ಕಾಯಿದೆಯಂತೆ ಗಂಡ ಹೆಂಡಿರಿಬ್ಬರೂ ಜೋಡಿ ಹೆಸರು ಇಟ್ಟುಕೊಳ್ಳಬಹುದು. ಲೌಸಿಟ್ಸ್ ಸೀಮೆಯ ಸೋರ್ಬ್ ಹೆಣ್ಣುಮಕ್ಕಳು ತಮ್ಮ ಭಾಷೆಯ ಪದ್ಧತಿಯಂತೆ ಅಡ್ಡಹೆಸರಿಗೆ 'ಓವಾ' ಹಚ್ಚಿಕೊಳ್ಳಬಹುದು. ಇನ್ನು ಫ್ರೀಸಿಯನ್ ಸಮುದಾಯದವರಿಗೆ ಸಿಕ್ಕಿರುವ ಸೌಲಭ್ಯ ಕೇಳಿದರೆ ನೆಪೋಲಿಯನ್ ಗೋರಿಯಲ್ಲಿ ಮಗ್ಗುಲು ಬದಲಿಸಿಯಾನು. ಅವರು ತಂದೆಯ ಅಥವಾ ತಾಯಿಯ ಹೆಸರಿನಿಂದಲೇ ಮಗುವಿನ ಅಡ್ಡಹೆಸರು ಮಾಡಬಹುದು. 1811ರಲ್ಲಿ ಕಿತ್ತುಕೊಂಡದ್ದು ಎರಡು ಶತಮಾನದ ಮೇಲೆ ಮರಳಿ ಬಂದಿದೆ.

ಇದೇ ಅನುಕೂಲ 1832ರಲ್ಲಿ ಇದ್ದು, ರೆಸ್ಟರ್‌ಹಾಫದ ಪಾದ್ರಿಯವರೂ ಊರವರ ಪದ್ಧತಿಯನ್ನೇ ಹಿಡಿದಿದ್ದರೆ ಅವರ ಮಗ ಫರ್ಡಿನಾಂಡ್ ಗಾಟ್‌ಫ್ರೀಡ್ಸ್ ಆಗುತ್ತಿದ್ದರು. ಎಂ.ಜಿ. ರಸ್ತೆಯಲ್ಲಿ ನಿಂತ ಪ್ರತಿಮೆಯ ಕೆಳಗೂ ಅದನ್ನೇ ಕೆತ್ತಬೇಕಾಗುತ್ತಿತ್ತು. ಕಿಟ್ಟಣ್ಣನಿಗೆ ಒಗ್ಗಿದ ನಾಲಿಗೆ ಅದನ್ನು ಏನು ಮಾಡಿಕೊಳ್ಳುತ್ತಿತ್ತೋ!